ಮೇಲ್ದರ್ಜೆಯೂ ಐಷಾರಾಮವೂ: ಕೊಡಗಿನ ಕಾಫಿ ಹೇಳುವ ಕಥೆ

ಗೋಣಿಕೊಪ್ಪಲಿನ ಸುತ್ತಮುತ್ತ ಹೆಚ್ಚಾಗಿ ಮಾರಾಟವಾಗುವುದು ರೋಬಸ್ಟಾ ಚೆರಿ. ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿ 50 ಕಿಲೋ ಚೀಲದ ಲೆಕ್ಕದಲ್ಲಿ ಮಾರುತ್ತಾರೆ. ಇದೇ ಕೊಡಗಿನಿಂದ ಇನ್ನೆರಡು ದುಬಾರಿ ಕಾಫಿಗಳೂ ಹೊರಡುತ್ತವೆ. ಎರಡಕ್ಕೂ ಬೆಲೆ ಹೆಚ್ಚು, ಕಾರಣ ಮಾತ್ರ ಬೇರೆ.

ಮೊದಲನೆಯದು ಕಾಫಿ ಮಂಡಳಿ ವಿಶೇಷ ಕಾಫಿಯೆಂದು ಗುರುತಿಸಿರುವ 'ರೋಬಸ್ಟಾ ಕಾಪಿ ರಾಯಲ್'. ಮಾಗಿದ ಹಣ್ಣನ್ನೇ ಆರಿಸಿ, ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ದಪ್ಪ ಬೀಜ. ಇಲ್ಲಿ ಹೆಚ್ಚಿನ ಬೆಲೆ ಹೆಚ್ಚಿನ ದುಡಿಮೆಗೆ, ರುಚಿಗೆ. ಹಿಂದೆ ಬೆಳೆಗಾರರು ಕಾಫಿಯನ್ನು ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. 1996ರ ಹೊತ್ತಿಗೆ ಆ ಕಟ್ಟು ಪೂರ್ತಿ ಸಡಿಲವಾದ ಮೇಲೆ ಗುಣಕ್ಕೆ ತಕ್ಕ ಬೆಲೆಯನ್ನು ತಾವೇ ಕೇಳುವ ದಾರಿ ತೆರೆಯಿತು.

ಎರಡನೆಯದು ಪುನುಗು ಬೆಕ್ಕಿನ ಕಾಫಿ. ಬೆಕ್ಕು ತಿಂದ ಹಣ್ಣಿನ ಬೀಜವನ್ನು ಹಿಕ್ಕೆಯಿಂದ ಆರಿಸಿ ತೊಳೆದು ಮಾಡುವುದು. 2017ರಲ್ಲಿ ಕೊಡಗಿನ ಈ ಕಾಫಿ ಕಿಲೋಗೆ ಸುಮಾರು 8,000 ರೂಪಾಯಿ ಎಂದು ಪತ್ರಿಕೆಗಳು ಬರೆದವು. ಡಚ್ಚರ ಕಾಲದ ಇಂಡೋನೇಷ್ಯದಲ್ಲಿ ತೋಟದ ಹಣ್ಣು ಮುಟ್ಟುವಂತಿಲ್ಲದ ಕೂಲಿಗಳು ಹಿಕ್ಕೆಯಿಂದ ಬೀಜ ಹೆಕ್ಕಿ ಕಾಫಿ ಮಾಡಿ ಕುಡಿದರೆಂಬ ಮಾತಿದೆ. ಬಡವರ ನಿರುಪಾಯವೇ ಸಿರಿವಂತರ ಐಷಾರಾಮವಾಯಿತು!

ಮೇಲ್ದರ್ಜೆಯ ಕಾಫಿಯನ್ನು ಊರೆಲ್ಲ ಬೆಳೆದರೂ ಅದರ ಗುಣ ಕುಂದದು. ಐಷಾರಾಮಿ ವಸ್ತು ಎಲ್ಲರ ಕೈಗೂ ಸಿಕ್ಕ ದಿನ ಅದರ ಮರ್ಯಾದೆ ಮುಗಿಯಿತು. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದರೆಂಬ ಪ್ರತೀತಿಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಬೀಜ ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿದ್ದರಿಂದಲೇ ಇಂದು ಕೂಲಿಯವನ ಲೋಟದಲ್ಲೂ ಕಾಫಿಯಿದೆ. ಹೆಚ್ಚು ಹಣ ತೆರುವಾಗ ನಾವು ಕೇಳಿಕೊಳ್ಳೋಣ: ಇದು ಹಣ್ಣು ಆರಿಸಿದ ಕೈಗೆ ಸೇರುತ್ತದೆಯೋ, ಬರಿಯ ಹೆಸರಿಗೋ?