ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ದೂರ ಮತ್ತು ಪ್ರಯಾಣದ ಅವಧಿ

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಮತ್ತು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೊ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಗಳ ನಡುವಿನ ಅತ್ಯಲ್ಪ ದೂರ ಸುಮಾರು 13,990 ಕಿ.ಮೀ. ಆಗಿದೆ. ನಿಲುಗಡೆಯಿಲ್ಲದ ವಿಮಾನವು ಈ ದೂರವನ್ನು ಕ್ರಮಿಸಲು 16ರಿಂದ 18 ಗಂಟೆಗಳನ್ನು ತೆಗೆದುಕೊಳ್ಳುತ್ತದೆ.

ದೂರದ ಲೆಕ್ಕ

ಗೋಳದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ಅತ್ಯಂತ ಹತ್ತಿರದ ಹಾದಿಯನ್ನು ಮಹಾವೃತ್ತ ಮಾರ್ಗ ಎನ್ನುತ್ತಾರೆ. ಗೋಡೆಗೆ ತೂಗುಹಾಕುವ ನಕ್ಷೆಯಲ್ಲಿ ಈ ಹಾದಿ ಬಾಗಿದಂತೆ ಕಾಣುತ್ತದೆ. ದಾರವೊಂದನ್ನು ಗೋಳದ ಮೇಲೆ ಎಳೆದು ಹಿಡಿದರೆ ಅದರ ನಿಜವಾದ ಸ್ವರೂಪ ತಿಳಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಡುವ ಈ ಗೆರೆಯು ಅಲಾಸ್ಕಾದ ಮೂಲಕ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಸೈಬೀರಿಯಾ, ಮಂಗೋಲಿಯಾ ಮತ್ತು ಟಿಬೆಟ್ ಪ್ರಸ್ಥಭೂಮಿಯನ್ನು ದಾಟಿ ಬೆಂಗಳೂರನ್ನು ತಲುಪುತ್ತದೆ.

ವಾಸ್ತವ ಮಾರ್ಗ

ವಿಮಾನಗಳು ಈ ಗೆರೆಯನ್ನೇ ಅನುಸರಿಸುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್‌ಗಳು ಸಾಮಾನ್ಯವಾಗಿ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಅದಕ್ಕಿಂತ ಎತ್ತರದಲ್ಲಿರುವುದರಿಂದ ಅಲ್ಲಿ ಹಾರಾಟ ಕಠಿಣ. ಗಾಳಿಯ ದಿಕ್ಕು, ವಾಯುಪ್ರದೇಶದ ನಿರ್ಬಂಧ, ತುರ್ತು ಇಳಿಕೆಗೆ ಬೇಕಾದ ನಿಲ್ದಾಣಗಳ ಲಭ್ಯತೆ ಇವೂ ಮಾರ್ಗವನ್ನು ನಿರ್ಧರಿಸುತ್ತವೆ. ಮಧ್ಯ ಅಕ್ಷಾಂಶಗಳಲ್ಲಿ ಜೆಟ್ ಪ್ರವಾಹವು ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಆದ್ದರಿಂದ ದೂರ ಹೆಚ್ಚಾದರೂ ಗಾಳಿ ಅನುಕೂಲವಾಗಿರುವ ಮಾರ್ಗದಲ್ಲಿ ಸಮಯ ಮತ್ತು ಇಂಧನ ಉಳಿಯಬಹುದು.

ಮೊದಲ ಹಾರಾಟ

ಏರ್ ಇಂಡಿಯಾ ಸಂಸ್ಥೆಯು 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನಿಲುಗಡೆಯಿಲ್ಲದ ಸೇವೆಯನ್ನು ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಈ ಬೋಯಿಂಗ್ 777-200ಎಲ್‌ಆರ್ ವಿಮಾನದ ಕಾಕ್‌ಪಿಟ್‌ನಲ್ಲಿದ್ದ ಪೈಲಟ್‌ಗಳೆಲ್ಲರೂ ಮಹಿಳೆಯರು. ಉತ್ತರ ಧ್ರುವದ ಮೇಲೆ ಹಾರಿದ ವಿಮಾನವು ಸುಮಾರು 17 ಗಂಟೆಗಳ ನಂತರ, ಜನವರಿ 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಧ್ರುವದ ಮೂಲಕ ಸಾಗುವ ಹಾದಿ ಮಹಾವೃತ್ತ ಮಾರ್ಗಕ್ಕಿಂತ ಸುಮಾರು 400 ಕಿ.ಮೀ. ಉದ್ದವಾಗಿದೆ. ಧ್ರುವ ಪ್ರದೇಶದಲ್ಲಿ ಕಾಂತೀಯ ದಿಕ್ಸೂಚಿ ನಂಬಲರ್ಹವಲ್ಲ. ತೀವ್ರ ಚಳಿಯಲ್ಲಿ ಇಂಧನ ಹೆಪ್ಪುಗಟ್ಟದಂತೆ ಅದರ ಉಷ್ಣಾಂಶವನ್ನು ಗಮನಿಸುತ್ತಿರಬೇಕು.

ಸಮಯದ ವ್ಯತ್ಯಾಸ

ಭಾರತೀಯ ಕಾಲಮಾನವು ಸ್ಯಾನ್ ಫ್ರಾನ್ಸಿಸ್ಕೊದ ಕಾಲಮಾನಕ್ಕಿಂತ ಚಳಿಗಾಲದಲ್ಲಿ 13 ಗಂಟೆ 30 ನಿಮಿಷ ಮುಂದಿದೆ. ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ತಿಂಗಳುಗಳಲ್ಲಿ ಈ ಅಂತರ 12 ಗಂಟೆ 30 ನಿಮಿಷ. ಹೀಗಾಗಿ ಟಿಕೆಟ್‌ನಲ್ಲಿರುವ ಸ್ಥಳೀಯ ಸಮಯಗಳನ್ನು ನೇರವಾಗಿ ಕಳೆದರೆ ಪ್ರಯಾಣದ ಅವಧಿ ತಪ್ಪಾಗಿ ಬರುತ್ತದೆ. ಚಳಿಗಾಲದಲ್ಲಿ ಅಲ್ಲಿ ಶನಿವಾರ ರಾತ್ರಿ 8:30ಕ್ಕೆ ಹೊರಟಾಗ ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ 10 ಗಂಟೆ. 17 ಗಂಟೆ ಹಾರಿದ ವಿಮಾನ ಸೋಮವಾರ ಬೆಳಗಿನ ಜಾವ 3ಕ್ಕೆ ತಲುಪುತ್ತದೆ. ಬೆಂಗಳೂರಿನಿಂದ ಹೊರಟವರು ಸಾಮಾನ್ಯವಾಗಿ ಹೊರಟ ದಿನಾಂಕದಂದೇ ಅಲ್ಲಿ ಇಳಿಯುತ್ತಾರೆ.