ಎಡ ಅಂಚಿನ ಆರು ಋತುಗಳು

2018ರ ಮಾರ್ಚ್ 17, ಶನಿವಾರ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಫೈನಲ್ ಶುರುವಾಗಿ ಇನ್ನೂ ಒಂಬತ್ತು ನಿಮಿಷ. ಬಲ ಅಂಚಿನಲ್ಲಿ ಉದಾಂತ ಸಿಂಗ್ ಓಡಿದರು, ಚೆಂಡನ್ನು ಗೋಲಿನ ಮುಂದಕ್ಕೆ ತಳ್ಳಿದರು, ಸುನಿಲ್ ಚೆಟ್ರಿ ಹಾರಿ ತಲೆ ಕೊಟ್ಟರು. ಬೆಂಗಳೂರು ಎಫ್‌ಸಿ 1, ಚೆನ್ನೈಯಿನ್ ಎಫ್‌ಸಿ 0. ಮರುದಿನದ ಪತ್ರಿಕೆಗಳಲ್ಲಿ ಆ ಗೋಲಿನ ಜೊತೆ ಎರಡು ಹೆಸರು ಅಚ್ಚಾದವು, ಚೆಟ್ರಿ ಮತ್ತು ಉದಾಂತ. ಮೂರನೆಯ ಹೆಸರೊಂದಿತ್ತು. ಉದಾಂತ ಓಡಿದ ಆ ಅಂಚಿಗೆ ಕಾವಲಿದ್ದವರು ಚೆನ್ನೈಯಿನ್‌ನ ಎಡ ಫುಲ್‌ಬ್ಯಾಕ್, ಮಿಜೋರಾಂನ ಜೆರಿ ಲಾಲ್‌ರಿನ್‌ಝುವಾಲಾ. ಆಗ ಅವರಿಗೆ ಹತ್ತೊಂಬತ್ತು ವರ್ಷ.

ಅದೇ ಪಂದ್ಯದ ಹೆಚ್ಚುವರಿ ಸಮಯದ ಎರಡನೇ ನಿಮಿಷದಲ್ಲಿ ಮತ್ತೆ ಅದೇ ಬದಿ, ಮತ್ತೆ ಉದಾಂತರ ಕ್ರಾಸ್, ಈ ಸಲ ಮಿಕು ಅವರ ತಲೆ. ಆದರೆ ಅಷ್ಟು ಹೊತ್ತಿಗೆ ಚೆನ್ನೈಯಿನ್ ಮೂರು ಗೋಲು ಹೊಡೆದಾಗಿತ್ತು. 3-2. ಲೀಗ್ ಹಂತದಲ್ಲಿ 40 ಅಂಕ ಗಳಿಸಿ ಮೇಲಿದ್ದ ಬೆಂಗಳೂರನ್ನು ಅದರ ಅಂಗಳದಲ್ಲೇ ಸೋಲಿಸಿ, 32 ಅಂಕದ ಚೆನ್ನೈಯಿನ್ ಎರಡನೇ ಬಾರಿ ಕಪ್ ಎತ್ತಿತು. ಕ್ಲಬ್ಬಿನ ಇತಿಹಾಸದ ಅತ್ಯಂತ ದೊಡ್ಡ ರಾತ್ರಿ ಅದು. ಬಿಟ್ಟುಕೊಟ್ಟ ಎರಡೂ ಗೋಲು ಅದರ ಎಡ ಫುಲ್‌ಬ್ಯಾಕಿನ ಬದಿಯಿಂದ ಬಂದವು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟುಕೊಂಡು ಒಬ್ಬ ಆಟಗಾರನನ್ನು ಅಳೆಯುವುದು ಹೇಗೆ ಎಂಬುದು ಜೆರಿಯ ಚೆನ್ನೈ ವರ್ಷಗಳ ಬಗ್ಗೆ ಕೇಳಲೇಬೇಕಾದ ಪ್ರಶ್ನೆ.

ಫುಲ್‌ಬ್ಯಾಕಿನ ಲೆಕ್ಕ ಯಾವಾಗಲೂ ಹೀಗೇ. ಗೋಲು ಹೊಡೆಯುವವನ ಹತ್ತು ತಪ್ಪನ್ನು ಒಂದು ಗೋಲು ಅಳಿಸುತ್ತದೆ, ಫುಲ್‌ಬ್ಯಾಕಿನ ಎಂಬತ್ತು ನಿಮಿಷದ ಕೆಲಸವನ್ನು ಒಂದು ತಪ್ಪು ಅಳಿಸುತ್ತದೆ. ಭಾರತದ ಫುಟ್‌ಬಾಲಿಗೆ ಇದು ಹಳೆಯ ಅನುಭವ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಬೆಂಗಳೂರಿನ ಎಸ್. ರಾಮನ್ ಗೋಲು ಹೊಡೆದರೂ ಭಾರತ 1-2ರಿಂದ ಸೋತಿತು. ಆ ಪಂದ್ಯದಲ್ಲಿ ಕೈತಪ್ಪಿದ ಎರಡು ಪೆನಾಲ್ಟಿಗಳಲ್ಲಿ ಒಂದು ಎಡ ಫುಲ್‌ಬ್ಯಾಕ್ ಶೈಲೇನ್ ಮನ್ನಾ ಅವರದು. ಮೂರು ವರ್ಷದ ನಂತರ ಅದೇ ಮನ್ನಾ ನಾಯಕತ್ವದಲ್ಲಿ ಭಾರತ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. ಮನ್ನಾ ಅವರ ಕಾಲಕ್ಕೆ ಫುಲ್‌ಬ್ಯಾಕ್ ಎಂದರೆ ಗೋಲ್‌ಕೀಪರ್ ಮುಂದಿನ ಕೊನೆಯ ಗೋಡೆ, ತಂಡಕ್ಕೆ ಇಬ್ಬರೇ. ಬ್ರೆಜಿಲ್‌ನ ನಿಲ್ಟನ್ ಸಾಂಟೋಸ್ 1958ರ ವಿಶ್ವಕಪ್ಪಿನಲ್ಲಿ ತಮ್ಮ ಬದಿ ಬಿಟ್ಟು ಮುಂದಕ್ಕೆ ಓಡಿ ಆಸ್ಟ್ರಿಯಾ ಮೇಲೆ ಗೋಲು ಹೊಡೆದರು. ಇಟಲಿಯ ಫಕೆಟ್ಟಿ ಅದನ್ನೇ ಅಭ್ಯಾಸ ಮಾಡಿಕೊಂಡರು. ಅಲ್ಲಿಂದಾಚೆ ಫುಲ್‌ಬ್ಯಾಕಿಗೆ ಎರಡು ಸಂಬಳವಿಲ್ಲದ ಎರಡು ಕೆಲಸ ಬಂತು. ಮುಂದೆ ಹೋಗಬೇಕು, ಹಿಂದೆಯೂ ಇರಬೇಕು.

ಜೆರಿ ಚೆನ್ನೈಗೆ ಬಂದದ್ದು 2016ರಲ್ಲಿ. ಮಿಜೋರಾಂನಲ್ಲಿ ಹುಟ್ಟಿ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಎಲೀಟ್ ಅಕಾಡೆಮಿಯಲ್ಲಿ ಬೆಳೆದ ಹುಡುಗ, ವಯಸ್ಸು ಹದಿನೆಂಟು. ಸಂತೋಷ್ ಟ್ರೋಫಿಯನ್ನು 2014ರಲ್ಲಿ ಗೆದ್ದ ಮಿಜೋರಾಂ ಆ ವರ್ಷಗಳಲ್ಲಿ ದೇಶದ ಕ್ಲಬ್‌ಗಳಿಗೆಲ್ಲ ಆಟಗಾರರನ್ನು ಕಳಿಸುತ್ತಿತ್ತು. ಚೆನ್ನೈಯಿನ್‌ನಲ್ಲೇ ಜೆಜೆ ಲಾಲ್‌ಪೆಖ್ಲುವಾ ಆಗಲೇ ನೆಲೆಯೂರಿದ್ದರು. ಕೋಚ್ ಇಟಲಿಯ ಮಾರ್ಕೊ ಮಾಟೆರಾಟ್ಸಿ, ಸ್ವತಃ ರಕ್ಷಣಾ ಆಟಗಾರ, 2006ರ ವಿಶ್ವಕಪ್ ಗೆದ್ದವರು. ಹಿಂದಿನ ವರ್ಷ ಅವರ ತಂಡ ಗೋವಾದ ಫತೋರ್ಡಾದಲ್ಲಿ ಗೋವಾವನ್ನೇ 3-2ರಿಂದ ಸೋಲಿಸಿ ಮೊದಲ ಕಪ್ ಗೆದ್ದಿತ್ತು. ಚೆನ್ನೈ ಪ್ರವಾಹದಲ್ಲಿ ಮುಳುಗಿದ್ದ ಡಿಸೆಂಬರ್ ಅದು, ತವರಿನ ಸೆಮಿಫೈನಲ್ ಪುಣೆಗೆ ಸ್ಥಳಾಂತರವಾಗಿತ್ತು. ಅಂಥ ಚಾಂಪಿಯನ್ ತಂಡದ ಎಡ ಬದಿಯನ್ನು ಕಾಲೇಜು ಮೆಟ್ಟಿಲು ಹತ್ತುವ ವಯಸ್ಸಿನ ಹುಡುಗನಿಗೆ ಕೊಡುವುದು ಸಣ್ಣ ನಿರ್ಧಾರವಲ್ಲ.

ಅದೂ ಯಾರಿದ್ದಾಗ? ಆ ವರ್ಷದ ಚೆನ್ನೈಯಿನ್ ತಂಡದ ತಾರೆ ನಾರ್ವೆಯ ಜಾನ್ ಆರ್ನೆ ರೀಸೆ, ಲಿವರ್‌ಪೂಲ್‌ನ ಹಳೆಯ ಎಡ ಫುಲ್‌ಬ್ಯಾಕ್. 2005ರ ಇಸ್ತಾಂಬುಲ್ ಫೈನಲ್‌ನಲ್ಲಿ ಮಿಲಾನ್ ವಿರುದ್ಧ 0-3 ಹಿಂದಿದ್ದ ಲಿವರ್‌ಪೂಲ್‌ಗೆ ಜೆರಾರ್ಡ್ ತಲೆಯಿಂದ ಮೊದಲ ಗೋಲು ತಂದುಕೊಟ್ಟರಲ್ಲ, ಆ ಕ್ರಾಸ್ ರೀಸೆಯದು. 2008ರ ಸೆಮಿಫೈನಲ್‌ನಲ್ಲಿ ಚೆಲ್ಸಿಗೆ ಕೊನೇ ಗಳಿಗೆಯಲ್ಲಿ ಸಮಬಲ ಕೊಟ್ಟ ಸ್ವಂತ ಗೋಲೂ ಅವರದೇ. ಫುಟ್‌ಬಾಲ್ ನೋಡುವವರಲ್ಲಿ ಕ್ರಾಸ್ ನೆನಪಿಟ್ಟವರಿಗಿಂತ ಸ್ವಂತ ಗೋಲು ನೆನಪಿಟ್ಟವರೇ ಹೆಚ್ಚು. ಫುಲ್‌ಬ್ಯಾಕಿನ ಬಾಳೆಂದರೆ ಏನು ಎಂದು ಜೆರಿಗೆ ಹೇಳಿಕೊಡಲು ಅದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುತ್ತಿರಲಿಲ್ಲ. ಎಡ ಅಂಚಿನಲ್ಲಿ ಜೆರಿ ನಿಂತಾಗ ರೀಸೆ ಒಳಗೆ, ಮಧ್ಯ ರಕ್ಷಣೆಗೆ ಸರಿದು ಆಡಿದ್ದುಂಟು.

ತಂಡದ ಮಟ್ಟಿಗೆ ಆ ಋತು ಕೆಟ್ಟದು, ಎಂಟರಲ್ಲಿ ಏಳನೇ ಸ್ಥಾನ. ಅದರ ಕೊನೆಯ ಪಂದ್ಯ ಮಾತ್ರ ಇಂದಿಗೂ ಕಥೆಯಂತೆ ಹೇಳುವಂಥದ್ದು. ಡಿಸೆಂಬರ್ 1ರಂದು ಗೋವಾದಲ್ಲಿ ನಾಲ್ಕನೇ ನಿಮಿಷದಲ್ಲೇ ಜೆರಿ ಗೋಲು ಹೊಡೆದರು. ರೀಸೆ ಪೆನಾಲ್ಟಿಯಿಂದ ಇನ್ನೊಂದು ಸೇರಿಸಿದರು. ಚೆನ್ನೈಯಿನ್ ನಾಲ್ಕು ಗೋಲು ಹೊಡೆದೂ 4-5ರಿಂದ ಸೋತಿತು. ಇಬ್ಬರು ಎಡ ಫುಲ್‌ಬ್ಯಾಕ್‌ಗಳು ಗೋಲು ಹೊಡೆದ ದಿನ ಅವರ ರಕ್ಷಣಾ ಸಾಲು ಐದು ಗೋಲು ಬಿಟ್ಟಿತು. ಜೆರಿಯ ಮುಂದಿನ ವರ್ಷಗಳ ಮುನ್ಸೂಚನೆ ಅದರಲ್ಲಿತ್ತು ಎಂದರೆ ಸ್ವಲ್ಪ ಕಟುವಾದೀತು, ಪೂರ್ತಿ ಸುಳ್ಳಾಗದು. ಆ ವರ್ಷದ ಲೀಗಿನ ಉದಯೋನ್ಮುಖ ಆಟಗಾರ ಪ್ರಶಸ್ತಿ ಜೆರಿಗೆ ಬಂತು.

ಆಟದ ಶೈಲಿ ನೋಡಿದರೆ ಅವರು ಎಡಗಾಲಿನ ಆಟಗಾರ, ಮತ್ತು ನಮ್ಮ ದೇಶದ ಫುಟ್‌ಬಾಲಿನಲ್ಲಿ ಅದೇ ಒಂದು ಆಸ್ತಿ. ಬಲಗಾಲಿನವರನ್ನು ಎಡ ಅಂಚಿಗೆ ನಿಲ್ಲಿಸಿ ಹೇಗೋ ಸಂಭಾಳಿಸುವ ತಂಡಗಳೇ ಹೆಚ್ಚು. ಹಾಗೆ ಮಾಡಿದರೆ ಗೆರೆಯ ಪಕ್ಕದಲ್ಲಿ ಓಡಿದವನು ಕ್ರಾಸ್ ಕೊಡುವ ಮೊದಲು ನಿಂತು, ಚೆಂಡನ್ನು ಬಲಗಾಲಿಗೆ ತಂದುಕೊಳ್ಳಬೇಕು. ಆ ಒಂದು ಕ್ಷಣದಲ್ಲಿ ಎದುರಾಳಿಯ ರಕ್ಷಣೆ ಸರಿಯಾಗಿ ನಿಂತುಬಿಡುತ್ತದೆ. ಜೆರಿಗೆ ಆ ತಡೆ ಇರಲಿಲ್ಲ. ಓಡುತ್ತಲೇ ಚೆಂಡನ್ನು ಒಳಗೆ ಬಾಗಿಸಿ ಕಳಿಸಬಲ್ಲವರು. ಫ್ರೀಕಿಕ್, ಕಾರ್ನರ್ ಹೊಡೆಯಲು ತಂಡ ಅವರ ಪಾದವನ್ನೂ ನಂಬುತ್ತಿತ್ತು.

ಕೊರತೆಯೂ ಕಾಣುವಂಥದ್ದೇ. ಎತ್ತರದ ಆಳಲ್ಲ, ಆದ್ದರಿಂದ ಆಚೆ ಬದಿಯಿಂದ ಎತ್ತರದಲ್ಲಿ ಬರುವ ಚೆಂಡು ಯಾವಾಗಲೂ ಕಷ್ಟ. ಮುಂದಕ್ಕೆ ಹೋದಾಗ ಬೆನ್ನ ಹಿಂದೆ ಬಿಟ್ಟ ಜಾಗ ಅದಕ್ಕಿಂತ ದೊಡ್ಡ ತೊಂದರೆ. ಉದಾಂತರಂಥ ವೇಗಿಗೆ ಬೇಕಾದದ್ದು ಸರಿಯಾಗಿ ಆ ಜಾಗವೇ.

2017-18ರಲ್ಲಿ ಕೋಚ್ ಜಾನ್ ಗ್ರೆಗರಿ ಇದಕ್ಕೊಂದು ಹೊಂದಾಣಿಕೆ ಹುಡುಕಿದರು. ಬಲ ಅಂಚಿಗೆ ಬಂದವರು ಸ್ಪೇನಿನ ಇನಿಗೊ ಕಾಲ್ಡೆರಾನ್. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಆರು ವರ್ಷಕ್ಕೂ ಹೆಚ್ಚು ಆಡಿ, ಇನ್ನೂರಕ್ಕೂ ಹೆಚ್ಚು ಪಂದ್ಯ ಮುಗಿಸಿ, ಅಲ್ಲಿನ ಜನರ ಅಚ್ಚುಮೆಚ್ಚಿನವರಾಗಿದ್ದವರು. ಕಂಠೀರವದ ಫೈನಲ್ ದಿನ ಕಾಲ್ಡೆರಾನ್‌ಗೆ 36. ಒಂದು ಅಂಚಿನಲ್ಲಿ 36, ಇನ್ನೊಂದರಲ್ಲಿ 19. ಒಬ್ಬರು ಎಲ್ಲಿ ನಿಲ್ಲಬೇಕೆಂದು ಬಲ್ಲವರು, ಇನ್ನೊಬ್ಬರು ಎಷ್ಟು ದೂರ ಬೇಕಾದರೂ ಓಡಬಲ್ಲವರು. ನಡುವೆ ಮೈಲ್ಸನ್ ಆಲ್ವೆಸ್ ಮತ್ತು ಹೆನ್ರಿಕ್ ಸೆರೆನೊ, ಅವರ ಮುಂದೆ ಚೆನ್ನೈನ ಹುಡುಗ ಧನಪಾಲ್ ಗಣೇಶ್. ಎಡ ಬದಿ ಮುಂದೆ ಹೋದಾಗ ಉಳಿದವರು ಒಂದು ಹೆಜ್ಜೆ ಎಡಕ್ಕೆ ಸರಿದು ಬಾಗಿಲು ಮುಚ್ಚುವುದು ಈ ಹೊಂದಾಣಿಕೆಯ ತಿರುಳು. ಕಾಲ್ಡೆರಾನ್ ಅಂಜಿ ಕೂತವರಲ್ಲ, ಆ ಡಿಸೆಂಬರಿನಲ್ಲಿ ಎಟಿಕೆ ವಿರುದ್ಧ 3-2ರಿಂದ ಗೆದ್ದ ಪಂದ್ಯದಲ್ಲಿ ಅವರದೂ ಒಂದು ಗೋಲಿತ್ತು. ಆದರೆ ಯಾವಾಗ ಹೋಗಬಾರದು ಎಂಬ ಲೆಕ್ಕ ಅವರಿಗೆ ಸದಾ ಇತ್ತು. ಜೆರಿ ಆ ಲೆಕ್ಕವನ್ನು ಕಲಿಯುತ್ತಿದ್ದರು.

ಫೈನಲ್ ಅನ್ನು ಈ ಕಣ್ಣಿನಿಂದ ಮತ್ತೆ ನೋಡಬೇಕು. ಒಂಬತ್ತನೇ ನಿಮಿಷದ ಗೋಲಿನ ನಂತರ ಹತ್ತೊಂಬತ್ತರ ಹುಡುಗನೊಬ್ಬ ಕುಸಿಯಬಹುದಿತ್ತು. ಬೆಂಗಳೂರಿನ ಅಭಿಮಾನಿಗಳ ಗದ್ದಲದಲ್ಲಿ, ಮತ್ತೆ ಮತ್ತೆ ತನ್ನೆಡೆಗೇ ಬರುವ ಉದಾಂತರ ಎದುರು. ಚೆನ್ನೈಯಿನ್ ಕುಸಿಯಲಿಲ್ಲ. ಗ್ರೆಗರಿ ನೆಲ್ಸನ್‌ರ ಕಾರ್ನರ್‌ಗಳಿಗೆ ಆಲ್ವೆಸ್ 17ನೇ ಮತ್ತು 45ನೇ ನಿಮಿಷದಲ್ಲಿ ತಲೆ ಕೊಟ್ಟರು, 67ನೇ ನಿಮಿಷದಲ್ಲಿ ರಫಾಯೆಲ್ ಅಗುಸ್ಟೊ ದೂರದಿಂದ ಹೊಡೆದರು. ಒಂಬತ್ತನೇ ನಿಮಿಷದಿಂದ ತೊಂಬತ್ತನೇ ನಿಮಿಷದವರೆಗೆ, ಆ ಋತುವಿನಲ್ಲಿ ದೇಶದ ಅತ್ಯಂತ ಅಪಾಯಕಾರಿ ಮುನ್ನಡೆ ಸಾಲಾಗಿದ್ದ ಚೆಟ್ರಿ, ಮಿಕು, ಉದಾಂತ ಒಂದೇ ಒಂದು ಗೋಲನ್ನೂ ಗಳಿಸಲಿಲ್ಲ. ಆ ಎಂಬತ್ತು ನಿಮಿಷ ಯಾವ ಪತ್ರಿಕೆಯ ಅಂಕಿಪಟ್ಟಿಯಲ್ಲೂ ಜೆರಿಯ ಹೆಸರಿಗೆ ಜಮೆಯಾಗಿಲ್ಲ. ಎರಡು ಗೋಲಿನ ಹೊಣೆ ಅವರಿಗೆ ಹೊರಿಸುವುದಾದರೆ ಈ ಎಂಬತ್ತು ನಿಮಿಷದ ಪಾಲನ್ನೂ ಕೊಡಬೇಕಾಗುತ್ತದೆ.

ಆಮೇಲಿನ ವರ್ಷಗಳಲ್ಲಿ ಹೇಳುವುದು ಕಡಿಮೆ. 2018-19ರಲ್ಲಿ ಹಾಲಿ ಚಾಂಪಿಯನ್ 18 ಪಂದ್ಯದಲ್ಲಿ ಎರಡನ್ನು ಗೆದ್ದು, ಒಂಬತ್ತು ಅಂಕದೊಂದಿಗೆ ಕೊನೆಯ ಸ್ಥಾನಕ್ಕೆ ಬಿತ್ತು. ಆ ಎರಡರಲ್ಲಿ ಒಂದು ಗೆಲುವು ಬೆಂಗಳೂರಿನ ಮೇಲೆ ಎಂಬುದು ಚೆನ್ನೈ ಜನ ಮರೆಯದ ಸಮಾಧಾನ. 2019-20ರಲ್ಲಿ ಓವನ್ ಕೋಯ್ಲ್ ಬಂದು ತಂಡವನ್ನು ಮತ್ತೆ ಫೈನಲ್‌ಗೆ ಒಯ್ದರು. ಕೋಯ್ಲ್ ಅವರದು ಎರಡೂ ಅಂಚಿನಿಂದ ಮುನ್ನುಗ್ಗುವ ಆಟ, ಎಡದಲ್ಲಿ ಜೆರಿ, ಬಲದಲ್ಲಿ ಮಿಜೋರಾಂನವರೇ ಆದ ಲಾಲ್‌ದಿನ್‌ಲಿಯಾನಾ ರೆಂತ್ಲೈ. ಫತೋರ್ಡಾದಲ್ಲಿ ಎಟಿಕೆ 3-1ರಿಂದ ಗೆದ್ದಿತು. ಅದು 2020ರ ಮಾರ್ಚ್ 14, ಕೋವಿಡ್ ಕಾರಣ ಪ್ರೇಕ್ಷಕರಿಲ್ಲದೆ ನಡೆದ ಫೈನಲ್.

ಈ ನಡುವೆ ಭಾರತ ತಂಡದ ಎಡ ಬದಿ ಬೇರೆಯವರ ಪಾಲಾಯಿತು. 2017ರಲ್ಲಿ ಜೆರಿ ರಾಷ್ಟ್ರೀಯ ತಂಡದ ಬಾಗಿಲು ದಾಟಿದ್ದರು. ಆದರೆ ಅಲ್ಲಿ ನೆಲೆ ನಿಂತವರು ಸುಭಾಶಿಶ್ ಬೋಸ್, ಕಂಠೀರವದ ಫೈನಲ್‌ನಲ್ಲಿ ಸೋತ ಬೆಂಗಳೂರಿನ ಎಡ ಫುಲ್‌ಬ್ಯಾಕ್. ಕಾಲಾನಂತರ ಮೋಹನ್ ಬಾಗಾನ್‌ನ ನಾಯಕರಾದವರು. ಆಟದ ಅಂದ ನೋಡುವವರು ಜೆರಿಯನ್ನೇ ಆರಿಸಿಯಾರು. ಬೋಸ್ ಮೊದಲು ರಕ್ಷಣೆ ಮಾಡುತ್ತಾರೆ, ಎತ್ತರವಿದೆ, ಬೇಕಾದರೆ ಮಧ್ಯದಲ್ಲೂ ನಿಲ್ಲುತ್ತಾರೆ. ಕೋಚುಗಳು ಕೆಲಸ ಉಳಿಸಿಕೊಳ್ಳಬೇಕಾದವರು, ಅವರು ಯಾರನ್ನು ಆರಿಸುತ್ತಾರೆಂಬುದರಲ್ಲಿ ಅಚ್ಚರಿಯಿಲ್ಲ. ಹದಿನೆಂಟಕ್ಕೆ ಸಿಕ್ಕ ಉದಯೋನ್ಮುಖ ಎಂಬ ಬಿರುದು ಇಪ್ಪತ್ತಮೂರಕ್ಕೂ ಹಾಗೇ ಉಳಿದರೆ ಅದೇ ಒಂದು ದೂರಾಗುತ್ತದೆ. ಜೆರಿಗೆ ಆದದ್ದು ಹೆಚ್ಚುಕಡಿಮೆ ಅದೇ.

ಹಾಗಾದರೆ ಕ್ಲಬ್ಬಿನಲ್ಲಿ ಅವರು ಬಿಟ್ಟುಹೋದದ್ದೇನು? ಆರು ಋತು. ಐಎಸ್‌ಎಲ್‌ನ ಲೆಕ್ಕದಲ್ಲಿ ಅದು ಬಹಳ. ಪ್ರತಿ ವರ್ಷ ಅರ್ಧ ತಂಡ ಬದಲಾಗುವ, ಕೋಚುಗಳು ಬಂದು ಹೋಗುವ ಲೀಗಿನಲ್ಲಿ ಮಾಟೆರಾಟ್ಸಿ, ಗ್ರೆಗರಿ, ಕೋಯ್ಲ್, ಚಾಬಾ ಲಾಸ್ಲೊ, ಬೋಜಿದಾರ್ ಬಾಂಡೋವಿಚ್ ಎಲ್ಲರೂ ತಂಡದ ಪಟ್ಟಿ ಬರೆಯುವಾಗ ಎಡ ಅಂಚಿಗೆ ಪರಿಗಣಿಸಿದ ಹೆಸರು ಅದು. ಮಾಟೆರಾಟ್ಸಿ ಮಾಡಿದ ಆ ಧೈರ್ಯದ ಆಯ್ಕೆಯಿಂದ ಚೆನ್ನೈಯಿನ್‌ಗೊಂದು ರೂಢಿಯೂ ಬಂತು. ವಿದೇಶಿ ತಾರೆಗಳನ್ನು ಮಧ್ಯಕ್ಕೆ ಮತ್ತು ಮುಂದಕ್ಕೆ ಇಟ್ಟು ಅಂಚುಗಳನ್ನು ಎಳೆಯ ಭಾರತೀಯರಿಗೆ ಬಿಟ್ಟುಕೊಡುವುದು. ರೆಂತ್ಲೈ ಬಂದದ್ದೂ ಆ ದಾರಿಯಲ್ಲೇ.

ಜೆರಿಯ ಕೊನೆಯ ಎರಡು ಋತುಗಳಲ್ಲಿ ಚೆನ್ನೈಯಿನ್ ಚೆನ್ನೈನಲ್ಲಿ ಒಂದೇ ಒಂದು ಲೀಗ್ ಪಂದ್ಯವನ್ನೂ ಆಡಲಿಲ್ಲ. 2020-21, 2021-22 ಎರಡೂ ಗೋವಾದಲ್ಲಿ, ಕೋವಿಡ್ ಬೇಲಿಯೊಳಗೆ ನಡೆದವು. ನೆಹರೂ ಕ್ರೀಡಾಂಗಣದ ಕೊನೆಯ ರಾತ್ರಿ 2020ರ ಫೆಬ್ರವರಿ 29ರ ಸೆಮಿಫೈನಲ್, ಗೋವಾ ಮೇಲೆ 4-1. 2022ರಲ್ಲಿ ಜೆರಿ ಈಸ್ಟ್ ಬೆಂಗಾಲ್ ಸೇರಿದರು. ಆ ಅಕ್ಟೋಬರ್ 14ರಂದು ಐಎಸ್‌ಎಲ್ ಚೆನ್ನೈಗೆ ಮರಳಿತು. ಎದುರಾಳಿ ಬೆಂಗಳೂರು, ಫಲಿತಾಂಶ 1-1. ಚೆನ್ನೈಯಿನ್‌ನ ಎಡ ಅಂಚಿಗೆ ಆ ಋತುವಿನಿಂದ ಹೊಸ ಹೆಸರು ಬಂದಿತ್ತು, ಆಕಾಶ್ ಸಾಂಗ್ವಾನ್.