ತುರ್ತು ಕಾಲಕ್ಕೆ ಹಿಡಿಕೆ ತಿರುಗಿಸುವ ರೇಡಿಯೊ: ಆಯ್ಕೆ ಹೇಗೆ?

ವಾಣಿವಿಲಾಸ ಸಾಗರವು 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಹರಿದಾಗ, ಬರದ ಸೀಮೆಯಾದ ಚಳ್ಳಕೆರೆಯ ವೇದಾವತಿ ತೀರಕ್ಕೂ ನೆರೆಯ ಭಯ ತಟ್ಟಿತು. ವಿದ್ಯುತ್ತು, ಮೊಬೈಲ್ ಎರಡೂ ಕೈಕೊಟ್ಟಾಗ ಸುದ್ದಿ ತಿಳಿಸಬಲ್ಲದ್ದು ರೇಡಿಯೊ.

ಕೊಳ್ಳುವಾಗ ಮೊದಲು ತರಂಗಗಳನ್ನು ಗಮನಿಸಬೇಕು. ಚಿತ್ರದುರ್ಗ ಆಕಾಶವಾಣಿಯ 102.6 ಮೆಗಾಹರ್ಟ್ಸ್ ಎಫ್‌.ಎಂ. ಅಲೆಗಳು ಬಹುತೇಕ ನೇರವಾಗಿ ಸಾಗುವುದರಿಂದ ಮೊಳಕಾಲ್ಮುರಿನ ಕಲ್ಲುಗುಡ್ಡಗಳ ಮರೆಯಲ್ಲಿ ಕ್ಷೀಣಿಸಬಹುದು. ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಸ್ ಮಧ್ಯಮ ತರಂಗವು ನೆಲವನ್ನು ಅನುಸರಿಸಿ ದೂರ ತಲುಪುತ್ತದೆ. ಆದ್ದರಿಂದ ಎರಡೂ ಇರುವ ರೇಡಿಯೊವೇ ಸೂಕ್ತ. ಅಮೆರಿಕದ ಹವಾಮಾನ ಪ್ರಸಾರಕ್ಕೆಂದೇ ಇರುವ ಪ್ರತ್ಯೇಕ ಸೌಲಭ್ಯ ಇಲ್ಲಿ ನಿರುಪಯೋಗಿ.

ಹಿಡಿಕೆ ತಿರುಗಿಸಿದರೆ ಒಳಗಿನ ಪುಟ್ಟ ಡೈನಮೊ ಬ್ಯಾಟರಿಯನ್ನು ತುಂಬುತ್ತದೆ. ಬಳಸದೆ ಇಟ್ಟರೆ ಆ ಬ್ಯಾಟರಿ ಸೊರಗುತ್ತದೆ. ಆದಕಾರಣ ಸಾಮಾನ್ಯ ಸೆಲ್ ಹಾಕಲೂ ಅವಕಾಶವಿರಬೇಕು. ಕೆಲವು ತಿಂಗಳಿಗೊಮ್ಮೆ ತಿರುಗಿಸಿ, ಕೇಂದ್ರಗಳು ಮನೆಯೊಳಗೆ ಸಿಗುವುವೇ ಎಂದು ಪರೀಕ್ಷಿಸುವುದು ಒಳಿತು.